ಪುನರುಜ್ಜೀವನ ಯುಗದ ಶಿವಕವಿಗಳು ಅಥವಾ ಆಯ್ದಕ್ಕಿಯ ಕಾಯಕ



ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುತ್ತಿರುವ ಈ ಸಂಪುಟಕ್ಕೆ ಚರಿತ್ರವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಶ್ರೀಸನ್ನಿಧಿಯವರ ಅಪ್ಪಣೆಯಾಯಿತು. ಗುರುವಿನ ಅಪ್ಪಣೆಯನ್ನು ಮೀರುವ ಶಕ್ತಿ ನನಗಿಲ್ಲ. ವಿಷಯವನ್ನು ಸಾಂಗವಾಗಿ ನಿರ್ವಹಿಸುವ ಶಕ್ತಿಯೂ ಇಲ್ಲ. ಆದರೂ ಪಾಠಶಾಲೆಯಲ್ಲಿ ಗುರುಗಳ ಪಾದದ ಬಳಿ ಕುಳಿತು ಕೇಳಿದುದನ್ನೂ, ಅನಂತರ ಓದಿ ತಿಳಿದುದನ್ನೂ ಕೂಡಿಸಿ, ಭಕ್ತಮಹಾಶಯರ ಮುಂದೆ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

ಪಾಶ್ಚಾತ್ಯ ದೇಶಗಳ ಚರಿತ್ರೆಯಲ್ಲಿ ಪುನರುಜ್ಜೀವನ ಯುಗವೆಂಬ ಒಂದು ಕಾಲವಿಭಾಗವುಂಟು. ಇಟಲಿ ದೇಶದಲ್ಲಿ ೧೪ನೆಯ ಶತಮಾನದಲ್ಲಿ ಮೊದಲಾಗಿ ಎರಡು ಮೂರು ಶತಮಾನಗಳವರೆಗೆ ಯೂರೋಪ್ ಖಂಡದಲ್ಲೆಲ್ಲ ಹರಡಿದ ವಿದ್ಯಾಜಾಗೃತಿಗೆ ಈ ಹೆಸರು ಸಲ್ಲುತ್ತದೆ. ಅದರ ಆರಂಭವು ಹೇಗಾಯಿತೆಂಬುದನ್ನು ವಿಚಾರಿಸಿದರೆ ಒಂದು ಸಂಗತಿ ಮನಸ್ಸನ್ನು ಸೆಳೆಯುತ್ತದೆ. ಪೆಟ್ರಾರ್ಕನೆಂಬ ಕವಿಯು ೧೩೪೫ರಲ್ಲಿ ವೆರೋನಾ ಪಟ್ಟಣದ ಒಂದು ಗ್ರಂಥಭಂಡಾರದಲ್ಲಿ, ಪ್ರಾಚೀನ ರೋಮಿನ ವಾಗ್ಮಿಯಾದ ಸಿಸೆರೋವಿನ ಮರೆತುಹೋಗಿದ್ದ ಪತ್ರಗಳನ್ನು ಕಂಡು ತನ್ನ ಕೈಯಿಂದಲೇ ಪ್ರತಿಮಾಡಿಕೊಂಡನು. ೧೪೧೭ರಲ್ಲಿ ಪೊಗ್ಗಿಯೋ ಎಂಬ ಮತ್ತೊಬ್ಬ ವಿದ್ವಾಂಸನು ಲುಕ್ರೀಷಿಯಸ್ ಎಂಬ ಪುರಾತನ ಕವಿಯ ಕಾವ್ಯವನ್ನು ಹೊರಗೆ ತಂದನು. ಹೊಸ ಕಾವ್ಯದ ಬೆಳೆಗೆ ಮೊದಲು ಹಳೆಯ ಬೀಜವನ್ನು ಹುಡುಕುವ ಕೆಲಸ ಅಲ್ಲಿ ನಡೆಯಿತು.

ಅದೇ ೧೫ನೆಯ ಶತಮಾನದಲ್ಲಿ, ಇಟಲಿಯ ಸುದ್ದಿಯು ಇಲ್ಲಿಗೂ ಇಲ್ಲಿಯ ಸುದ್ದಿಯು ಅಲ್ಲಿಗೂ ಮುಟ್ಟದೆ ಇದ್ದಾಗಲೇ, ಕನ್ನಡ ನಾಡಿನಲ್ಲಿ ಶಿವಶರಣರ ವಾಙ್ಮಯಕ್ಕೆ ಒಂದು ಪುನರ್ಜನ್ಮವಾಯಿತು. ಅದರ ಆರಂಭವೂ ಹುಡುಕಿ ಕೂಡಿಸುವ ಕಾಯಕದಿಂದಲೇ ಆಯಿತು. ಆ ಕಾಯಕವನ್ನು ಮಾಡಿದ ಮಹನೀಯರನ್ನು ಕುರಿತು ಹೇಳುವುದೇ ಈ ಲೇಖನದ ಉದ್ದೇಶ.

೧೨ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣಸಮೂಹವು ಚದುರಿತೆಂಬುದು ಎಲ್ಲ ಭಕ್ತರಿಗೂ ವಿದಿತವಾದ ವಿಷಯ. ಶರಣರು ಚದುರಿದಾಗ ಅವರ ವಚನಗಳೂ ಚದುರಿದುವು. ಚಂಪೂಕಾವ್ಯಕ್ಕೆ ಆಶ್ವಾಸಗಳುಂಟು, ಪದ್ಯಗಳ ಅನುಕ್ರಮವುಂಟು, ರಾಜಾಶ್ರಯವುಂಟು. ಒಂದು ಪದ್ಯ ಜಾರಿದರೆ ಛಂದಸ್ಸೇ ಅದನ್ನು ತೋರಿಸಿಕೊಡುತ್ತದೆ. ವಚನಕ್ಕೆ ಇವಾವುವೂ ಇಲ್ಲ. ಪ್ರತಿಯೊಂದು ವಚನವೂ ತನ್ನಷ್ಟಕ್ಕೆ ತಾನೇ ಪೂರ್ಣವಾದ ಒಂದು ಬಿಡಿ ಮುತ್ತು. ಅದನ್ನು ಹೇಳಿದವರು ಯಾರೆಂಬುದನ್ನು ತಿಳಿಸುವುದಕ್ಕೆ ಕಡೆಯಲ್ಲಿ ಬರುವ ಅಂಕಿತವೊಂದೇ ಗುರುತು. ಇಂಥ ವಾಙ್ಮಯವು ಕಾಲಪ್ರವಾಹದಲ್ಲಿ ಉಳಿಯುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ನಡುವಣ ಎರಡು ಶತಮಾನಗಳು ಬರಿದಾಗಿ ಕಳೆದುವೆಂದು ತಿಳಿಯಬಾರದು. ಹರಿಹರನು ರಗಳೆಗಳಲ್ಲಿ ಶರಣರ ಚರಿತ್ರೆಗಳನ್ನು ಹಾಡಿದನು. ಅವನ ಶಿಷ್ಯನಾದ ರಾಘವಾಂಕನು ಷಟ್ಪದಿಯನ್ನು ಕಾವ್ಯಸಿಂಹಾಸನದ ಮೇಲೆ ಕುಳ್ಳಿರಿಸಿದನು. ವಿಜಯನಗರದ ರಾಜ್ಯವು ನೆಲೆಗೊಂಡ ಬಳಿಕ ಭೀಮಕವಿಯು, ಪಾಲ್ಕುರಿಕೆ ಸೋಮನಾಥನ ತೆಲುಗು ಗ್ರಂಥವನ್ನು ಅನುಸರಿಸಿ, ೧೩೬೯ರಲ್ಲಿ ಕನ್ನಡ ಬಸವಪುರಾಣವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಇವುಗಳಿಂದ ಶರಣರ ಕಥೆ ಉಳಿಯಿತು. ಆದರೆ ಕಥೆ ಬೇರೆ, ಮಾತು ಬೇರೆ. ಶರಣರು ಏನು ಮಾಡಿದರೆಂಬುದನ್ನು ಪುರಾಣಗಳು ಹೇಳಿದುವು. ಶರಣರು ಏನು ನುಡಿದರೆಂಬುದು ಮಠಮಠಗಳ, ಮನೆಮನೆಗಳ ಓಲೆಕಟ್ಟುಗಳಲ್ಲಿಯೂ ಭಕ್ತರ ನಾಲಗೆಗಳ ಮೇಲೆಯೂ ಬಿಡಿಬಿಡಿಯಾಗಿ ಇದ್ದಿತು.

ಇಂಥ ಸಮಯದಲ್ಲಿ ಪ್ರೌಢದೇವರಾಯನೆಂದು ಪ್ರಸಿದ್ಧನಾದ ಇಮ್ಮಡಿ ದೇವರಾಯನು ೧೪೨೪ರಿಂದ ೧೪೪೬ರವರೆಗೆ ವಿಜಯನಗರದಲ್ಲಿ ಆಳಿದನು. ಆತನ ಕಾಲದಲ್ಲಿ ನೂರೊಂದು ವಿರಕ್ತರು ಇದ್ದರೆಂದು ನಮ್ಮ ಸಂಪ್ರದಾಯವು ಹೇಳುತ್ತದೆ. ಕರಸ್ಥಲದ ನಾಗಿದೇವ, ಕುಮಾರ ಬಂಕನಾಥ, ಮಹಲಿಂಗದೇವ, ಕಲ್ಲುಮಠದ ಪ್ರಭುದೇವ ಮೊದಲಾದ ಹೆಸರುಗಳನ್ನು ಕೇಳದ ಭಕ್ತರು ವಿರಳ. ವಿರಕ್ತರಿಗೆ ಬೆಂಬಲವಾಗಿ ನಿಂತವರಲ್ಲಿ ಇಬ್ಬರು ರಾಜ್ಯಾಧಿಕಾರಿಗಳು ಮುಖ್ಯರು. ಲಕ್ಕಣ್ಣ ದಂಡೇಶನು ಸೇನೆಯನ್ನು ನಡಸಿದ ಕೈಯಿಂದಲೇ ಶಿವತತ್ತ್ವಚಿಂತಾಮಣಿಯನ್ನು ಬರೆದನು. ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನು ೧೪೪೩ರಲ್ಲಿ ವಿಜಯನಗರಕ್ಕೆ ಬಂದಾಗ ಇಲ್ಲಿಯ ದಂಡನಾಯಕನು ಸಿಂಹಳದ ಕಡೆಗೆ ಹೋಗಿದ್ದನೆಂದು ಬರೆದಿಟ್ಟಿದ್ದಾನೆ. ಆ ದಂಡನಾಯಕನು ನಮ್ಮ ಲಕ್ಕಣ್ಣನೇ ಎಂದು ಚರಿತ್ರಕಾರರು ಗುರುತಿಸಿರುತ್ತಾರೆ. ಇನ್ನೊಬ್ಬನಾದ ಜಕ್ಕಣಾರ್ಯನು ಮಂತ್ರಿಪದವಿಯಲ್ಲಿದ್ದುಕೊಂಡು ನೂರೊಂದು ಸ್ಥಲವೆಂಬ ಗ್ರಂಥವನ್ನು ರಚಿಸಿದನು.

ಈ ಮಹನೀಯರು ಮೊದಲು ಮಾಡಿದ ಕೆಲಸವೇನು? ಚದುರಿದ ವಚನಗಳನ್ನು ಕೂಡಿಹಾಕಿ ಅವಕ್ಕೆ ಒಂದು ನೆಲೆಯನ್ನು ಕಲ್ಪಿಸಿದರು. ಮಹಲಿಂಗದೇವನ ಏಕೋತ್ತರ ಶತಸ್ಥಲವು ಇದಕ್ಕೆ ಒಳ್ಳೆಯ ನಿದರ್ಶನ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳನ್ನು ೧೦೧ ಒಳಭೇದಗಳಾಗಿ ವಿಂಗಡಿಸಿ, ಆಯಾ ಸ್ಥಲಕ್ಕೆ ತಕ್ಕ ವಚನಗಳನ್ನು ಆಯ್ದು ಅಲ್ಲಲ್ಲಿ ನಿಲ್ಲಿಸುವುದು ಈ ಗ್ರಂಥದ ಕ್ರಮ. ಊರಿಲ್ಲದೆ ಅಲೆಯುತ್ತಿದ್ದವನಿಗೆ ಊರು, ಕೇರಿ, ಮನೆ ದೊರೆತಂತೆ ವಚನಕ್ಕೆ ಒಂದು ವಿಳಾಸ ದೊರೆಯಿತು. ಒಂದು ವಚನವು ಎಲ್ಲಿರಬೇಕೆಂಬುದು ಗೊತ್ತಾದ ಮೇಲೆ ಅದು ಇಲ್ಲದೆ ಹೋದಾಗ ಇಲ್ಲವೆಂಬುದೂ ಗೊತ್ತಾಗುತ್ತದೆ. ಉಳಿಸುವ ವಿದ್ಯೆಯಲ್ಲಿ ಇದು ಮೊದಲನೆಯ ಮೆಟ್ಟಿಲು.

ಅದೇ ಕಾಲದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದನು. ೨೫ ಗತಿಗಳು, ೧೧೧೧ ಪದ್ಯಗಳು. ಹರಿಹರನ ರಗಳೆಯಲ್ಲಿ ಅಲ್ಲಮನು ಕಾಮಲತೆಯೆಂಬವಳಲ್ಲಿ ಅನುರಕ್ತನಾಗಿ, ಆಕೆಯನ್ನು ಕಳೆದುಕೊಂಡ ದುಃಖದಿಂದ ವೈರಾಗ್ಯಕ್ಕೆ ತಿರುಗುತ್ತಾನೆ. ಚಾಮರಸನ ಕಾವ್ಯದಲ್ಲಿ ಪ್ರಭುವು ಹುಟ್ಟಿನಿಂದಲೇ ನಿರ್ಲಿಪ್ತ; ಬನವಸೆಯ ಮಾಯೆಯು ಏನು ಮಾಡಿದರೂ ಆತನನ್ನು ಮುಟ್ಟಲಾರಳು. ಒಬ್ಬ ಮಹಾತ್ಮನ ಎರಡು ಚಿತ್ರಗಳಿವು. ಒಂದರಲ್ಲಿ ಮನುಷ್ಯನು ಸಾಧಿಸಿ ಏರುವ ದಾರಿ ಕಾಣುತ್ತದೆ. ಇನ್ನೊಂದರಲ್ಲಿ ಏರಿ ನಿಂತ ನಿಲವು ಕಾಣುತ್ತದೆ. ಇವುಗಳಲ್ಲಿ ಒಂದನ್ನು ಹಿಡಿದು ಒಂದನ್ನು ಬಿಸುಡುವುದು ಉಚಿತವಲ್ಲ. ಭಾಮಿನಿಯಲ್ಲಿ ೩ ಮತ್ತು ೪ ಮಾತ್ರೆಗಳ ಗಣಗಳು ಒಂದಾದಮೇಲೊಂದು ಬಂದು ನಡಗೆ ಬಳುಕುತ್ತದೆ. ಗಮಕಿಯು ರಾಗವಾಗಿ ಓದಿದರೆ ಅಕ್ಷರವನ್ನರಿಯದ ಒಕ್ಕಲಿಗನಿಗೂ ಒಡನೆಯೇ ಅರ್ಥವಾಗುತ್ತದೆ. ಅಲ್ಲಮನ ಬೆಡಗಿನ ಮಾತುಗಳು ಪಂಡಿತರ ಮನೆಯ ಬಾಗಿಲನ್ನು ದಾಟಿ ಊರ ಜಗುಲಿಗೆ ಬಂದುದು ಈ ಕಾವ್ಯದ ಮೂಲಕ. ೧೭ನೆಯ ಶತಮಾನದಲ್ಲಿ ಶಿವಪ್ರಕಾಶಸ್ವಾಮಿಗಳು ಇದನ್ನು ತಮಿಳಿಗೆ ತಂದರು. ತೆಲುಗು, ಮರಾಠಿಗಳಿಗೂ ಇದು ಇಳಿಯಿತು.

ಈ ಯುಗದ ಮುಕುಟಮಣಿಯೆಂದರೆ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಇದನ್ನು ಕಟ್ಟಿದನು. ಕಟ್ಟಿದನು ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಇದರಲ್ಲಿರುವ ಸಾವಿರಕ್ಕೂ ಮಿಕ್ಕ ವಚನಗಳು ಆತನವಲ್ಲ. ಅವುಗಳನ್ನು ಒಂದಕ್ಕೊಂದು ಪೋಣಿಸಿದ ಸೂತ್ರ ಆತನದು. ಬೇರೆ ಬೇರೆ ಶರಣರು ಬೇರೆ ಬೇರೆ ಸಮಯಗಳಲ್ಲಿ ನುಡಿದ ವಚನಗಳನ್ನು ಆಯ್ದು, ಒಬ್ಬರ ವಚನಕ್ಕೆ ಇನ್ನೊಬ್ಬರ ವಚನವು ಉತ್ತರವಾಗುವಂತೆ ಎದುರುಬದುರಾಗಿ ನಿಲ್ಲಿಸಿ, ನಡುನಡುವೆ ಒಂದೆರಡು ಸಾಲು ಗದ್ಯವನ್ನು ಸೇರಿಸಿ, ಪ್ರಭುದೇವರನ್ನು ನಡುನಾಯಕನನ್ನಾಗಿ ಮಾಡಿ, ಒಂದು ಮಹಾಸಂವಾದವನ್ನು ನಿರ್ಮಿಸಿದ್ದಾನೆ. ತಮ್ಮೊಡನೆ ಅಜಗಣ್ಣನಿಲ್ಲವೆಂದು ದುಃಖಿಸುವ ಮುಕ್ತಾಯಕ್ಕನೂ, ಕೆರೆ ದೇಗುಲಗಳ ಕೆಲಸದಲ್ಲಿ ತೊಡಗಿದ್ದ ಸೊನ್ನಲಿಗೆಯ ಸಿದ್ಧರಾಮನೂ, ಅನುಭವಮಂಟಪದ ಬಾಗಿಲಲ್ಲಿ ಪರೀಕ್ಷೆಗೆ ನಿಂತ ಅಕ್ಕಮಹಾದೇವಿಯೂ ಪ್ರಭುವಿನ ಎದುರಿಗೆ ಬಂದು ತಮ್ಮ ತಮ್ಮ ಮಾತುಗಳಿಂದಲೇ ಮಾತನಾಡುತ್ತಾರೆ. ಓದುವವನಿಗೆ ಸಂಗ್ರಹಕಾರನ ನೆನಪೇ ಬರುವುದಿಲ್ಲ. ತಾನು ಮರೆಯಾಗಿ ಹಿರಿಯರನ್ನು ಕಾಣಿಸುವ ಇಂಥ ಕವಿತ್ವವು ಅನ್ಯತ್ರ ದುರ್ಲಭ.

ಅದೇ ಗ್ರಂಥದಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ನನಗೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಒಯ್ದು ಹಾಕಿ ಬರಬೇಕೆಂದಳು. ಪುನರುಜ್ಜೀವನ ಯುಗದ ನಮ್ಮ ಸಂಗ್ರಹಕಾರರು ಮಾಡಿದುದು ಆಯ್ದಕ್ಕಿಯ ಕಾಯಕವನ್ನೇ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಕಾಳುಗಳನ್ನು ಅವರು ಒಂದೊಂದಾಗಿ ಆಯ್ದರು. ಲಕ್ಕಮ್ಮನ ಕಟ್ಟಳೆಯನ್ನೂ ಪಾಲಿಸಿದರು: ಅಂಕಿತವನ್ನು ಅಳಿಸಿ ಇನ್ನೊಬ್ಬರ ಮಾತನ್ನು ತಮ್ಮದೆನ್ನಲಿಲ್ಲ. ಬಸವಣ್ಣನವರ ವಚನವು ಕೂಡಲಸಂಗಮದೇವನ ಹೆಸರಿನಲ್ಲಿಯೇ, ಪ್ರಭುವಿನ ವಚನವು ಗುಹೇಶ್ವರನ ಹೆಸರಿನಲ್ಲಿಯೇ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಮೊದಲಾದವರ ವಚನಗಳು ಅವರವರ ಅಂಕಿತಗಳಲ್ಲಿಯೇ ನಮಗೆ ಬಂದಿರುವುದಕ್ಕೆ ಈ ಪ್ರಾಮಾಣಿಕತೆಯೇ ಕಾರಣ. ಲಕ್ಕಮ್ಮನಂಥ ಕಾಯಕದ ಹೆಣ್ಣುಮಗಳ ಮಾತು ಮಂತ್ರಿಯ ಮಾತಿನ ಪಕ್ಕದಲ್ಲಿ ಸರಿಸಮವಾಗಿ ಉಳಿದುದು ಸಾಮಾನ್ಯವಾದ ಸಂಗತಿಯಲ್ಲ.

ಆದರೆ ಆಯುವುದೆಂದರೆ ಆರಿಸುವುದೂ ಹೌದು. ಆರಿಸುವಲ್ಲಿ ಅಭಿಪ್ರಾಯಭೇದವೂ ಬರುತ್ತದೆ. ಇದನ್ನು ಮುಚ್ಚಿಡುವುದು ಚರಿತ್ರೆಗೆ ಸಲ್ಲದು. ಮಹಾದೇವಯ್ಯನ ಬಳಿಕ ಹಲಗೆಯಾರ್ಯನು ಶೂನ್ಯಸಂಪಾದನೆಯನ್ನು ಮತ್ತೆ ಕಟ್ಟಿದನು. ಸಿದ್ಧರಾಮನಿಗೆ ಕಲ್ಯಾಣದಲ್ಲಿ ಇಷ್ಟಲಿಂಗದೀಕ್ಷೆಯಾಯಿತೆಂಬುದು ಮಹಾದೇವಯ್ಯನ ಗ್ರಂಥದಲ್ಲಿಲ್ಲ. ಹಲಗೆಯಾರ್ಯನಿಗೆ ಇದು ಸಮ್ಮತವಾಗಲಿಲ್ಲ. ಅವನು ಹಿಂದಿನವನನ್ನು ಆಕ್ಷೇಪಿಸಿ ಆ ಪ್ರಸಂಗವನ್ನು ಸೇರಿಸಿದನು. ಅನಂತರ ಗುಮ್ಮಳಾಪುರದ ಸಿದ್ಧಲಿಂಗಯತಿಯೂ ಕೊನೆಗೆ ಗೂಳೂರ ಸಿದ್ಧವೀರಣಾರ್ಯನೂ ಈ ಗ್ರಂಥವನ್ನು ಪರಿಷ್ಕರಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳು ಆದುವು. ಸಿದ್ಧರಾಮನು ದೀಕ್ಷೆಯನ್ನು ಪಡೆದನೋ ಇಲ್ಲವೋ ಎಂಬ ಪ್ರಶ್ನೆಯು ಸಣ್ಣದಲ್ಲ. ಕೆರೆಯನ್ನು ಕಟ್ಟಿ, ಗುಡಿಯನ್ನು ಕಟ್ಟಿ, ಲೋಕಕ್ಕೆ ಉಪಕಾರ ಮಾಡಿದ ಶಿವಯೋಗಿಗೆ ಇನ್ನೂ ಒಂದು ಮೆಟ್ಟಿಲು ಬೇಕೇ ಎಂಬ ತತ್ತ್ವಜಿಜ್ಞಾಸೆ ಅದರಲ್ಲಡಗಿದೆ. ಭಕ್ತರು ಗಮನಿಸಬೇಕಾದ ವಿಷಯವೆಂದರೆ, ಭಿನ್ನಾಭಿಪ್ರಾಯವಿದ್ದರೂ ಹಿಂದಿನವನ ಗ್ರಂಥವನ್ನು ಯಾರೂ ನಾಶಮಾಡಲಿಲ್ಲ. ಖಂಡಿಸಿದರು, ತಿದ್ದಿದರು, ಬೇರೆ ಬರೆದರು; ಓಲೆಗಳು ಮಾತ್ರ ಉಳಿದುವು. ಆದುದರಿಂದಲೇ ಇಂದು ನಾಲ್ಕನ್ನೂ ಮುಂದಿಟ್ಟುಕೊಂಡು ಹೋಲಿಸುವ ಭಾಗ್ಯ ನಮಗೆ ಲಭಿಸಿದೆ.

ಈ ಮಹಾಕಾರ್ಯವು ವಿಜಯನಗರದ ಅರಮನೆಯ ಸುತ್ತಲೇ ನಿಂತುಹೋಗಲಿಲ್ಲ. ನಮ್ಮ ಸೀಮೆಗೂ ಬಂದಿತು. ಲಗ್ಗೆರೆಯು ಈಗ ಬೆಂಗಳೂರು ಮಹಾನಗರದ ಒಡಲಲ್ಲಿ ಸೇರಿಹೋಗಿದೆ. ಇಲ್ಲಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು ಹೋದರೆ ನೆಲಮಂಗಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಸಿದ್ಧವೀರಣಾರ್ಯನ ಗೂಳೂರು, ಮಲ್ಲಣಾರ್ಯನ ಗುಬ್ಬಿಗಳಿರುವ ತುಮಕೂರು ಸೀಮೆಗೆ ಹೋಗುತ್ತದೆ. ಇನ್ನೊಂದು ಕುಣಿಗಲ್ಲಿನ ಮೇಲೆ ಯಡೆಯೂರಿಗೆ ಹೋಗುತ್ತದೆ. ಯಡೆಯೂರಿನ ಬಳಿಯ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗಯತಿಗಳು ತಪಸ್ಸನ್ನಾಚರಿಸಿದರು. ಹರದನಹಳ್ಳಿಯಲ್ಲಿ ಹುಟ್ಟಿ, ಗೋಸಲ ಚನ್ನಬಸವೇಶ್ವರರಿಂದ ಅನುಗ್ರಹ ಪಡೆದು, ನಾಡನ್ನು ಸಂಚರಿಸಿ, ಕಗ್ಗೆರೆಯ ತೋಟದಲ್ಲಿ ನೆಲೆಸಿದುದರಿಂದ ಅವರಿಗೆ ತೋಂಟದ ಎಂಬ ವಿಶೇಷಣವು ಬಂದಿತು. ಯಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಸ್ಥರಾದರು. ಅವರ ಷಟ್‌ಸ್ಥಲ ಜ್ಞಾನಸಾರಾಮೃತದಲ್ಲಿ ೭೦೧ ವಚನಗಳಿವೆ. ಬಹುಕಾಲ ಸಂಗ್ರಹವಾಗಿಯೇ ಇದ್ದ ವಚನವು ಇವರ ಬಾಯಲ್ಲಿ ಮತ್ತೆ ಹೊಸದಾಗಿ ಹುಟ್ಟಿತು. ಆಯ್ದು ತಂದ ಕಾಳು ಮಡಕೆಯಲ್ಲಿಯೇ ಉಳಿಯದೆ ಹೊಲಕ್ಕೆ ಬಿದ್ದು ಮೊಳೆಯಿತೆಂದು ಹೇಳಬಹುದು. ಸ್ವತಂತ್ರ ಸಿದ್ಧಲಿಂಗೇಶ್ವರ, ಘನಲಿಂಗಿದೇವ ಮೊದಲಾದ ಶಿಷ್ಯರು ವಚನಗಳನ್ನು ರಚಿಸಿದರು. ಗುಮ್ಮಳಾಪುರ, ಗೂಳೂರುಗಳ ಸಂಪಾದನಕಾರರೂ ಈ ಶಿಷ್ಯಪರಂಪರೆಗೆ ಸೇರಿದವರೇ. ನಿತ್ಯವೂ ಆ ಹೆದ್ದಾರಿಯಲ್ಲಿ ಓಡಾಡುವ ನಮ್ಮ ಮಠದ ಭಕ್ತರು, ಆ ಊರಿನ ಫಲಕಗಳನ್ನು ಕಂಡಾಗ ಇದನ್ನೊಮ್ಮೆ ನೆನೆಯಬೇಕು.

ಮುಂದೆ ಗುಬ್ಬಿಯ ಮಲ್ಲಣಾರ್ಯನು ೧೫೧೩ರಲ್ಲಿ ಭಾವಚಿಂತಾರತ್ನವನ್ನೂ ೧೫೩೦ರಲ್ಲಿ ವೀರಶೈವಾಮೃತ ಪುರಾಣವನ್ನೂ ರಚಿಸಿದನು. ನಿಜಗುಣ ಶಿವಯೋಗಿಗಳು ಕೈವಲ್ಯಪದ್ಧತಿಯ ಹಾಡುಗಳಲ್ಲಿ ವೇದಾಂತವನ್ನು ತಿಳಿಗನ್ನಡಕ್ಕೆ ಇಳಿಸಿದರು. ೧೫೮೪ರಲ್ಲಿ ವಿರೂಪಾಕ್ಷಪಂಡಿತನ ಚನ್ನಬಸವಪುರಾಣವು ಹೊರಟಿತು. ಈ ಜಾಗೃತಿಯು ಒಂದೇ ಮತಕ್ಕೆ ಸೀಮಿತವಾಗಿದ್ದಿತೆಂದೂ ಭಾವಿಸಲಾಗದು. ಕುಮಾರವ್ಯಾಸನ ಭಾರತ, ಪುರಂದರ ಕನಕದಾಸರ ಕೀರ್ತನೆಗಳು, ೧೫೫೭ರಲ್ಲಿ ಜೈನಕವಿ ರತ್ನಾಕರವರ್ಣಿಯು ಸಾಂಗತ್ಯದಲ್ಲಿ ಬರೆದ ಭರತೇಶವೈಭವ, ಇವೆಲ್ಲವೂ ಒಂದೇ ಮಹಾಯುಗದ ಫಲಗಳು. ಎಲ್ಲರೂ ಹಿಡಿದುದು ಹಾಡಿ ಕೇಳಿಸಬಹುದಾದ ದೇಶೀ ಛಂದಸ್ಸುಗಳನ್ನು. ಎಲ್ಲರೂ ಮುಟ್ಟಿದುದು ಜನಸಾಮಾನ್ಯರ ಕಿವಿಯನ್ನು.

ಇಷ್ಟೆಲ್ಲವೂ ನಮಗೆ ದೊರೆತುದು ಓಲೆಗರಿಗಳ ಮೂಲಕ. ಯೂರೋಪಿನಲ್ಲಿ ಸುಮಾರು ೧೪೫೫ರಲ್ಲಿ ಗುಟೆನ್‌ಬರ್ಗನ ಅಚ್ಚಿನ ಗ್ರಂಥವು ಹೊರಬಿದ್ದ ಮೇಲೆ ಪುಸ್ತಕವು ನೂರಾರು ಪ್ರತಿಗಳಾಗಿ ಹರಡಿತು. ನಮ್ಮಲ್ಲಿ ಒಂದೊಂದು ಪ್ರತಿಯನ್ನೂ ಕೈಯಿಂದಲೇ ಮಾಡಬೇಕು. ಗರಿಯನ್ನು ಹದಮಾಡಿ, ಉಕ್ಕಿನ ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿಯನ್ನು ಸವರಿ ಒರಸಿ, ರಂಧ್ರದಲ್ಲಿ ದಾರವನ್ನು ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಬೇಕು. ಹುಳುವೂ ತೇವವೂ ಗೆದ್ದಲೂ ಬಿಡುವುದಿಲ್ಲವಾದುದರಿಂದ ಕೆಲವು ತಲೆಮಾರುಗಳಿಗೊಮ್ಮೆ ಮತ್ತೆ ಪ್ರತಿಯೆತ್ತಬೇಕು. ಒಂದು ತಲೆಮಾರಿನವರು ಆಲಸ್ಯಪಟ್ಟರೆ ಹಿಂದಿನ ಹತ್ತು ತಲೆಮಾರುಗಳ ಶ್ರಮವೂ ವ್ಯರ್ಥ.

ಈ ಮಾತನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ. ಸುಮಾರು ೩೦ ವರ್ಷಗಳ ಕೆಳಗೆ, ಪಾಠಶಾಲೆಯನ್ನು ಬಿಟ್ಟ ಹೊಸದರಲ್ಲಿ, ಒಂದು ಗ್ರಾಮದ ಭಕ್ತರ ಮನೆಗೆ ಪೂಜೆಗಾಗಿ ಹೋಗಿದ್ದೆನು. ದೇವರ ಜಗುಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಓಲೆಕಟ್ಟು ಇದ್ದಿತು. ವಿಭೂತಿ, ಕುಂಕುಮ, ಹೂವುಗಳಿಂದ ಅದನ್ನು ಅಲಂಕರಿಸಿದ್ದರು. ಬಿಚ್ಚಿ ನೋಡಬಹುದೇ ಎಂದು ಕೇಳಿದಾಗ ಆ ಮನೆಯ ವೃದ್ಧೆಯು, "ಅದನ್ನ ಬಿಚ್ಚಬಾರದು ಸ್ವಾಮೇರೆ, ನಮ್ಮ ಮಾವನೋರ ಕಾಲದಿಂದ ಹಾಗೇ ಪೂಜೆ ಮಾಡ್ಕೊಂಡು ಬಂದಿದೀವಿ" ಎಂದರು. ಒತ್ತಾಯಿಸಲು ನನಗೆ ಸಂಕೋಚವಾಯಿತು, ಸುಮ್ಮನೆ ಬಂದೆನು. ಮೂರು ವರ್ಷಗಳು ಕಳೆದು ಮತ್ತೆ ಹೋದಾಗ ಆಕೆಯೇ ಬಿಚ್ಚಲು ಒಪ್ಪಿದರು. ವಸ್ತ್ರವು ಚೆನ್ನಾಗಿದ್ದಿತು, ಹಲಗೆಗಳೂ ಚೆನ್ನಾಗಿದ್ದುವು. ನಡುವಣ ಗರಿಗಳನ್ನು ಗೆದ್ದಲು ತಿಂದು ಮಣ್ಣುಮಾಡಿದ್ದಿತು. ಬೆರಳಗಲದ ಒಂದು ಚೂರಿನ ಮೇಲೆ ಗುಹೇಶ್ವರಾ ಎಂಬ ಅಂಕಿತ ಮಾತ್ರ ಉಳಿದಿದ್ದಿತು, ವಚನವಿರಲಿಲ್ಲ. "ಅದರಲ್ಲಿ ಏನು ಬರೆದಿತ್ತು?" ಎಂದು ಆಕೆ ಕೇಳಿದರು. ನಾನು ಉತ್ತರ ಕೊಡಲಾರದೆ ಹೋದೆನು. ಮೊದಲ ಸಲವೇ ಎರಡು ಮಾತು ಹೆಚ್ಚಾಗಿ ಬೇಡಿಕೊಂಡಿದ್ದರೆ ಏನಾದರೂ ಉಳಿಯುತ್ತಿದ್ದಿತೋ ಏನೋ ಎಂಬ ವ್ಯಥೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪೂಜೆಯು ತಪ್ಪಲ್ಲ, ಓದನ್ನು ಬಿಟ್ಟ ಪೂಜೆಯು ಸಾಲದು.

೨೦ನೆಯ ಶತಮಾನದಲ್ಲಿ ಕನ್ನಡಕ್ಕೆ ಇನ್ನೊಂದು ನವೋದಯವಾಯಿತು. ಬಿ. ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ೧೯೨೬ರಲ್ಲಿ ಪ್ರಕಟವಾಗಿ ಹೊಸ ಕವಿತೆಗೆ ದಾರಿಯನ್ನು ತೋರಿದುದನ್ನು ಎಲ್ಲರೂ ಸ್ಮರಿಸುತ್ತಾರೆ. ಅದಕ್ಕೆ ಮೂರು ವರ್ಷ ಮೊದಲೇ, ವಿಜಯಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ೧೯೩೦ರಲ್ಲಿ ಶೂನ್ಯಸಂಪಾದನೆಯನ್ನು ಹೊರತಂದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಬಂದು ಕವಿಗಳ ಕಾಲದೇಶಗಳನ್ನು ನಿರ್ಣಯಿಸಲು ನೆರವಾದುವು. ಕ್ರೈಸ್ತ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸಂಗ್ರಹಿಸಿದ ಸರ್ವಜ್ಞನ ವಚನಗಳು ೧೯೨೪ರಲ್ಲಿ ಪ್ರಕಟವಾದುವು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಮಹಾದೇವಯ್ಯನು ಓಲೆಯ ಮೇಲೆ ಮಾಡಿದುದನ್ನು ಇವರೆಲ್ಲರೂ ಕಾಗದದ ಮೇಲೆ ಮಾಡಿದರು. ಕಾಯಕ ಅದೇ, ಉಪಕರಣ ಬೇರೆ.

ಈಗ ಅಚ್ಚಿನ ಪುಸ್ತಕಗಳು ಸುಲಭವಾಗಿ ದೊರೆಯುತ್ತವೆ. ಗರಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಇಟ್ಟುಕೊಳ್ಳುವ ಅನುಕೂಲವೂ ಒದಗಿದೆ. ಆದುದರಿಂದ ಭಕ್ತಮಹಾಶಯರಲ್ಲಿ ಎರಡು ಬಿನ್ನಹಗಳು. ಮೊದಲನೆಯದು: ತಮ್ಮ ಮನೆಗಳಲ್ಲಿಯೋ ಬಂಧುಗಳ ಮನೆಗಳಲ್ಲಿಯೋ ಹಳೆಯ ಓಲೆಕಟ್ಟುಗಳೂ ಕೈಬರಹದ ಪುಸ್ತಕಗಳೂ ಇದ್ದರೆ, ಅರಿತವರ ಕೈಯಿಂದ ಒಮ್ಮೆ ಬಿಚ್ಚಿಸಿ ನೋಡಬೇಕು, ಅವು ತಮ್ಮ ಮನೆಯಲ್ಲಿಯೇ ಇರಲಿ, ಪ್ರತಿಯೊಂದು ಆಗಲಿ. ಎರಡನೆಯದು: ಅಚ್ಚಾಗಿರುವುದನ್ನು ದಿನಕ್ಕೊಂದು ವಚನದಂತೆಯಾದರೂ ಮಕ್ಕಳೊಡನೆ ಕುಳಿತು ಓದಬೇಕು. ಓದದೆ ಇಟ್ಟ ಪುಸ್ತಕಕ್ಕೆ ಗೆದ್ದಲಿಗಿಂತ ಮೊದಲೇ ಮರೆವು ಹತ್ತುತ್ತದೆ.

ಪ್ರೌಢದೇವರಾಯನ ಅರಮನೆಯು ಇಂದು ಹಂಪೆಯಲ್ಲಿ ಹಾಳುಬಿದ್ದ ಅಡಿಪಾಯವಾಗಿದೆ. ಆತನ ಕಾಲದ ವಿರಕ್ತರು ಆಯ್ದಿಟ್ಟ ವಚನವು ಇಂದು ಬೆಳಗ್ಗೆಯೂ ಶ್ರೀಮಠದ ಪ್ರಾರ್ಥನೆಯಲ್ಲಿ ಕೇಳಿಬಂದಿತು. ಈ ಲೇಖನದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಂಡು, ಶ್ರೀಗುರುಪಾದಗಳಿಗೆ ಇದನ್ನು ಸಮರ್ಪಿಸುತ್ತೇನೆ.